ಎರಡು ಟೇಪು, ಮೇಲೆ ಎಂಟು ಇಂಚು

ಆಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಮಾಸ್ಕಿಲ್ಲ. ಹಿರಿಯರು ಹೀಗೆ ಹೇಳಿಯೇ ಇಲ್ಲವೆಂದು ನೀವು ಹುಬ್ಬು ಗಂಟಿಕ್ಕಬಹುದು. ಕೊರೊನಾ ಕಂಡಿದ್ದರೆ ಅವರೂ ಹೀಗೇ ಹೇಳುತ್ತಿದ್ದರು. ಗಾದೆ ಸುಳ್ಳಾದರೂ ನನ್ನ ಕತೆ ಸುಳ್ಳಾಗದು. ಇದು ನಡೆದದ್ದು, ಅದೂ ನನ್ನ ಬೆನ್ನ ಮೇಲೆಯೇ ನಡೆದದ್ದು.

ನಾನು ಒಂದು ಸೀಸಾ. ಸೀಸೆಯಲ್ಲ, ಸೀಸಾ. ಒಬ್ಬ ಮೇಲೆ ಹೋದರೆ ಇನ್ನೊಬ್ಬ ಕೆಳಗೆ ಬರುವ, ಪಠ್ಯಪುಸ್ತಕದವರು ಏತಪಾತ ಎನ್ನುವ ಮಕ್ಕಳ ಆಟಿಕೆ. ಸ್ಯಾನಿಟೈಸರ್ ಸೀಸೆಯನ್ನು ಜನ ಎರಡು ವರ್ಷ ಜೇಬಿನಲ್ಲಿಟ್ಟು ಮುದ್ದಾಡಿದರು. ಸೀಸಾ ಕಂಡರೆ ಕೈ ಹಿಂದೆ ಕಟ್ಟಿಕೊಂಡರು. ಒಂದು ಸ್ವರದ ವ್ಯತ್ಯಾಸಕ್ಕೆ ಎಷ್ಟೊಂದು ಅಪಸ್ವರ!

ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಅದಕ್ಕೂ ಮೊದಲು ನಾನು ಬೋರ್‌ವೆಲ್ಲಿಗೆಂದು ತಂದ ಪೈಪು. ನೀರು ಸಿಗಲಿಲ್ಲ, ಹಾಗಾಗಿ ನೆಲದೊಳಗೆ ಇಳಿಯಬೇಕಾದವನು ನೆಲದ ಮೇಲೆ ಉಳಿದೆ. ವೆಲ್ಡರ್ ಮೌಲಾಸಾಬ ಎರಡು ತುದಿಗೆ ಹಲಗೆ, ಹಲಗೆಗೊಂದು ಹಿಡಿಕೆ, ನಡುವೆ ಒಂದು ದಪ್ಪ ಬೋಲ್ಟು ಹಾಕಿದ. ಪರೀಕ್ಷೆಗೆ ಒಂದು ಕಡೆ ತಾನು ಕುಳಿತು ಇನ್ನೊಂದು ಕಡೆ ಹೆಂಡತಿಯನ್ನು ಕೂರಿಸಿದ. ಮೇಲೆ ಹೋದ ಆಕೆ, “ಇಳಸ್ರಿ ಲಗೂನ, ಒಲಿ ಮ್ಯಾಲ ಅನ್ನ ಹೊತ್ತತೈತಿ!” ಎಂದು ಕೂಗಿದಳು. ನನ್ನ ಬೋಲ್ಟು ಅದೇ ರಾಗದಲ್ಲಿ ಕಿರ್ರ್ ಎಂದಿತು. ಅಂದಿನಿಂದ ಬೋಲ್ಟೇ ನನ್ನ ಗಂಟಲು, ಅಣಕವೇ ನನ್ನ ಕಸುಬು. ಯಾರ ದನಿ ಕೇಳಿದರೂ ಕಿರುಗುಟ್ಟಿ ತೋರಿಸಬಲ್ಲೆ.

ಒಂದು ಕಾಲನಿಯ ಸಂಘದವರು ನನ್ನನ್ನು ತಂದು ತಮ್ಮ ಪುಟ್ಟ ಗಾರ್ಡನ್ನಿನಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸಿದರು. ಆ ಕಡೆ ಜಾರುಬಂಡಿ, ಈ ಕಡೆ ಜೋಕಾಲಿ, ನಡುವೆ ನಾನು. ಮಕ್ಕಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು ಹೆತ್ತವರ ಮೇಲೆ. ಕೂಸು ತಾನಾಗಿ ಕೈಬಿಟ್ಟು ಬಿದ್ದರೆ ತಾಯಿ ಓಡಿಬಂದು ನನಗೇ ನಾಲ್ಕು ಬಿಗಿಯುತ್ತಿದ್ದಳು: “ಹೊಡಿ ಅದಕ್ಕ! ಇದರದ ತಪ್ಪು, ನಮ್ಮ ಪುಟ್ಟಾಂದಲ್ಲ!” ಬಿದ್ದದ್ದು ಅವರ ಕೂಸು, ಏಟು ನನಗೆ. ನ್ಯಾಯದಾನ ಅಲ್ಲಿಂದಲೇ ಶುರು.

ಆಮೇಲೆ ಕೊರೊನಾ ಬಂತು. ಮೊದಲ ವರ್ಷವೇ ಜೋಕಾಲಿಯ ಸರಪಳಿ ಬಿಚ್ಚಿದರು, ಜಾರುಬಂಡಿಯ ಏಣಿ ಕಳಚಿದರು. ಕಾಂಕ್ರೀಟಿನಲ್ಲಿ ನಿಂತ ನನ್ನನ್ನು ಬಿಚ್ಚಲು ಬರಲಿಲ್ಲ. ಅಪರಾಧ ನಡೆದ ಜಾಗಕ್ಕೆ ಪೊಲೀಸರು ಸುತ್ತುವಂಥ ಪಟ್ಟಿಯನ್ನು ನನಗೆ ಸುತ್ತಿದರು. ಎರಡು ಮಳೆಗಾಲ ತುಕ್ಕು ತಿಂದೆ, ತುಕ್ಕು ನನ್ನನ್ನು ತಿಂದಿತು.

ಈಗ ನನ್ನ ವೈರಿಯನ್ನು ಪರಿಚಯಿಸುತ್ತೇನೆ. ಪರಿಮಳಾ ಹಳಿಯಾಳ. ಗಾರ್ಡನ್ನಿನ ಗೇಟಿಗೆ ಎದುರುಮನೆ. ಹೊಲಿಗೆ ಕೆಲಸ, ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಬ್ಲೌಸು ಕೇಳುವವರಿಲ್ಲದ ದಿನಗಳಲ್ಲಿ ಇಡೀ ಕಾಲನಿಗೆ ಮಾಸ್ಕು ಹೊಲಿದವಳು. ಎರಡನೇ ಅಲೆಯಲ್ಲಿ ಆಕೆಯ ಎಂಟು ವರ್ಷದ ಮಗಳು ಚಿನ್ಮಯಿ ಒಂಬತ್ತು ದಿನ ಆಕ್ಸಿಜನ್ ಮೇಲಿದ್ದಳು. ಬದುಕಿ ಬಂದ ಹುಡುಗಿ ಕಿಟಕಿಯ ಸರಳು ಹಿಡಿದು ದಿನವಿಡೀ ನನ್ನನ್ನು ನೋಡುತ್ತ ಕೂರುತ್ತಿದ್ದಳು.

ಒಂದು ಬೆಳಗ್ಗೆ ಅವಳು ಪಟ್ಟಿಯ ಕೆಳಗೆ ನುಸುಳಿ ಬಂದು ನನ್ನ ಒಂದು ತುದಿಯಲ್ಲಿ ಕುಳಿತಳು. ಒಬ್ಬರೇ ಕುಳಿತರೆ ನಾನು ಸೀಸಾ ಅಲ್ಲ, ಬರೀ ಓರೆ ಬೆಂಚು. ಆದರೂ ಅವಳು ಎದುರಿನ ಖಾಲಿ ಹಲಗೆಯ ಜೊತೆ ಏನೋ ಮಾತಾಡುತ್ತಿದ್ದಳು. ಅಷ್ಟರಲ್ಲಿ ತಾಯಿ ಬಂದಳು. ಮಗಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಒದ್ದಳು.

“ನಿನ್ನ ಕಡಿಸಿ ಮೋಡಕಾಕ್ಕ ಹಾಕಸದಿದ್ರ ನಾ ಪರಿಮಳಾನ ಅಲ್ಲ!”

ಮೋಡಕಾ ಎಂದರೆ ನಮ್ಮ ಕಡೆ ಗುಜರಿ. ನಾನು ಅವಳದೇ ದನಿಯಲ್ಲಿ ಕಿರ್ರ್ ಎಂದೆ. ಇನ್ನೊಮ್ಮೆ ಒದ್ದಳು.

ಆಕೆ ಮಾತಿನವಳಲ್ಲ, ಮಾಡುವವಳು. ಮುಂದಿನ ಭಾನುವಾರ ಬೆಳಗ್ಗೆ ಗಾರ್ಡನ್ನಿನಲ್ಲಿ ತಂದೆ-ತಾಯಂದಿರ ಸಭೆ. ಗೇಟಿನಾಚೆ ಗುಜರಿ ಗಾಡಿ. ಅದರಲ್ಲಿ ಗ್ಯಾಸ್ ಕಟರ್. ಸಭೆ ಮುಗಿಯುವ ಮೊದಲೇ ನನ್ನ ತಿಥಿಗೆ ತಯಾರಿ. ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರ್ ಶೀಲವಂತರು ಸೀಮೆಸುಣ್ಣದಿಂದ ವೃತ್ತ ಬರೆದು ಒಬ್ಬೊಬ್ಬರನ್ನು ಒಂದೊಂದರಲ್ಲಿ ನಿಲ್ಲಿಸಿದರು. ಮೂಗು ಮುಚ್ಚಿಕೊಂಡು ಬಂದವರು ಬಾಯಿ ಬಿಡುವಾಗ ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಿದ್ದರು.

“ಮೂರನೇ ಅಲಿ ಮಕ್ಕಳಿಗೇ ಬರೂದಂತ ಟೀವ್ಯಾಗ ಹೇಳಾಕತ್ತಾರ. ಇದು ಇರೂತನಾ ಮಕ್ಕಳು ಬರೂದು ಬಿಡೂದಿಲ್ಲ. ಕಡಸ್ರಿ ಮಾಸ್ತರ,” ಎಂದಳು ಪರಿಮಳಾ.

ಎದುರು ವೃತ್ತದಿಂದ ದನಿಯೆತ್ತಿದ್ದು ಫಕೀರೇಶ ಕೊಣ್ಣೂರ. ದಢೂತಿ ಆಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೋಗು-ಬರುವನ್ನು ಕೂಗಿ ಹೇಳುವುದು ಅವನ ನೌಕರಿ.

“ಅಕ್ಕಾರ, ಕೊರೊನಾ ಈ ಸೀಸಾದ ಮ್ಯಾಲ ಕುಂತು ಬರಲಿಲ್ರಿ, ವಿಮಾನದಾಗ ಕುಂತು ಬಂತು. ಮೊದಲ ವಿಮಾನ ಕಡಸ್ರಿ.”

“ವಿಮಾನ ನಮ್ಮ ಕಿಡಕಿ ಮುಂದ ನಿಂತಿಲ್ಲ. ಇದು ನಿಂತೈತಿ.”

“ಮದವಿಗೆ ಹೋಗಬಹುದು, ಮಾರ್ಕೆಟ್ಟಿಗೆ ಹೋಗಬಹುದು, ಮಕ್ಕಳು ಆಡಿದ್ರಷ್ಟ ರೋಗ? ನನ್ನ ಮಗ ಮನ್ಯಾಗ ಕುಂತು ದಿಂಬಿಗೆ ಹಾಜರಿ ತಗೋತಾನ್ರಿ. ಐದು ದಿಂಬು, ಐದು ಗೆಳೆಯಾರ ಹೆಸರು. ಮೊನ್ನೆ ಅವ್ರವ್ವ ಒಂದು ದಿಂಬು ಒಗ್ಯಾಕ ಹಾಕಿದ್ರ, ‘ವಿನ್ಯಾ ಸಾಲಿ ಬಿಟ್ಟ’ ಅಂತ ಅತ್ತ.”

ನಾಲ್ಕು ಜನ ನಕ್ಕರು. ಪರಿಮಳಾ ನಗಲಿಲ್ಲ.

“ನಿಮ್ಮ ಮಗ ಅಳಾಕರ ಅಳ್ತಾನ. ನನ್ನ ಮಗಳಿಗೆ ಅಳಾಕೂ ಉಸುರು ಇರಲಿಲ್ಲ. ಒಂಬತ್ತು ದಿನ ಸಿಲಿಂಡರಿನ ಮುಳ್ಳು ನೋಡಕೋತ ಕುಂತಾಕಿ ನಾನು. ನನಗ ಆಟದ ಪಾಠ ಹೇಳಬ್ಯಾಡ್ರಿ.”

ತೂಗುವುದೇ ನನ್ನ ಹುಟ್ಟುಗುಣ; ಆದರೂ ಒಂದು ತುದಿಗೆ ಆ ದಿಂಬು, ಇನ್ನೊಂದು ತುದಿಗೆ ಆ ಮುಳ್ಳು ಇಟ್ಟರೆ ಯಾವುದು ಭಾರವೆಂದು ನನಗೂ ತಿಳಿಯಲಿಲ್ಲ. ಗೇಟಿನಾಚೆ ಗುಜರಿಯವನು ಕಟರಿನ ಪೈಪು ಬಿಚ್ಚತೊಡಗಿದ್ದ.

ಮಾಸ್ತರರು ಗಂಟಲು ಸರಿಪಡಿಸಿಕೊಂಡರು. “ಸರಕಾರದ ನಿಯಮ ಆರು ಅಡಿ. ಎರಡು ಹಲಗಿ ನಡಕ ಆರು ಅಡಿ ಇರದಿದ್ರ ಕಡಸೂದು. ಇದ್ರ ಬಿಡೂದು. ಒಪ್ಪಿಗೇನು?”

“ಅಳದ ಬಿಡೋಣ,” ಎಂದು ಪರಿಮಳಾ ಕೊರಳಿನಿಂದ ಟೇಪು ಎಳೆದಳು. ಎರಡು ಸಲ ಒದ್ದದ್ದು ಬಿಟ್ಟರೆ ಆಕೆ ನನ್ನನ್ನು ತಿಂಗಳುಗಟ್ಟಲೆ ಕಿಟಕಿಯಿಂದಲೇ ನೋಡಿದ್ದಳು. ಕಿಟಕಿಯಿಂದ ನಾನು ಮಣೆಯಷ್ಟೇ ಕಾಣುತ್ತಿದ್ದೆ. ಹೊಲಿಗೆಯ ಟೇಪು ಐದೇ ಅಡಿ ಉದ್ದ. ಒಮ್ಮೆ ಹಾಸಿ ಹೆಬ್ಬೆರಳಿಟ್ಟಳು. ನನ್ನ ನಡುವೂ ಬಂದಿರಲಿಲ್ಲ. ಎರಡನೇ ಸಲ ಹಾಸಿದಳು. ಇನ್ನೂ ಉಳಿದಿತ್ತು.

“ಎಷ್ಟ ಬಂತ್ರಿ?” ಎಂದ ಫಕೀರೇಶ.

ಸುಳ್ಳು ಹೇಳಬಹುದಿತ್ತು, ವೃತ್ತ ಬಿಟ್ಟು ಬಂದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ದರ್ಜಿಯ ಬಾಯಿ ಎಲ್ಲಿ ಬೇಕಾದರೂ ತಪ್ಪೀತು, ಅಳತೆಯಲ್ಲಿ ತಪ್ಪದು.

“ಎರಡು ಟೇಪು,” ಎಂದಳು ಹಲ್ಲು ಕಚ್ಚಿ. “ಮ್ಯಾಲ ಎಂಟು ಇಂಚು.”

“ಹತ್ತು ಅಡಿ ಎಂಟು ಇಂಚು! ಮಾಸ್ತರ, ನೀವು ಬರದ ವೃತ್ತಕ್ಕಿಂತ ಇದ ಚಲೋ ಅಂತರ ಕಾಯ್ತದ!”

“ಅದು ಖಾಲಿ ಇದ್ದಾಗ,” ಎಂದು ಪರಿಮಳಾ ತಿರುಗಿಬಿದ್ದಳು. “ಕುಂತು ಏರಿಳಿದ್ರ ಅಂತರ ಉಳೀತೈತೋ ಇಲ್ಲೋ? ನನ್ನ ಮಗಳು ಕೂಡೂ ಜಾಗಾದಾಗ ಮೊದಲ ನಾ ಕುಂತು ನೋಡ್ತೇನಿ. ಎದುರಿಗೆ ಯಾರು ಬರ್ತೀರಿ, ಬರ್ರಿ!”

ಹಿಡಿಕೆಗೆ ಸೀಸೆ ಸುರಿದು ಒರೆಸಿ ಸೀಸಾದ ಮೇಲೆ ಕುಳಿತೇಬಿಟ್ಟಳು. ಯಾರೂ ಕದಲಲಿಲ್ಲ. ಕೊನೆಗೆ ಫಕೀರೇಶ ಮಾಸ್ಕು ಏರಿಸಿಕೊಂಡು ಬಂದು ಎದುರು ತುದಿಯಲ್ಲಿ ಕುಳಿತ. ಕುಳಿತನೆಂದರೆ, ಧಡ್! ಪರಿಮಳಾ ಹಳಿಯಾಳ ಚಪ್ಪಲಿ ಕೆಳಗೆ ಬಿಟ್ಟು ಗಾಳಿಗೆ ಏರಿದಳು. ಎರಡು ವರ್ಷದ ತುಕ್ಕೆಲ್ಲ ಸೇರಿಸಿ ನಾನು ಕಿರುಚಿದೆ. ಸಾಮಾಜಿಕ ಅಂತರ ಬೇಕೆಂದವಳು ಅಂತರಪಿಶಾಚಿಯಾಗಿ ನೇತಾಡಿದಳು.

“ಆತು, ನೋಡಿದೆ. ಇಳಸ್ರಿ!”

ಫಕೀರೇಶ ಇಳಿಸಲಿಲ್ಲ. ಎರಡು ಬೆರಳಿನಿಂದ ಮೂಗು ಒತ್ತಿ ನಿಲ್ದಾಣದ ಮೈಕಿನ ದನಿ ತೆಗೆದ.

“ಪ್ರಯಾಣಿಕರ ಗಮನಕ್ಕೆ. ಹಳಿಯಾಳ ಬಸ್ಸು ನಿಲ್ದಾಣ ಬಿಟ್ಟು ಮೇಲಕ್ಕೆ ಹೋಗಿರುತ್ತದೆ. ಇಳಿಯುವ ಸಮಯವನ್ನು ನಂತರ ತಿಳಿಸಲಾಗುವುದು.”

ಹಳಿಯಾಳ ಎಂಬ ಊರೂ ಇದೆ, ಹಳಿಯಾಳ ಎಂಬ ಅಡ್ಡಹೆಸರೂ ಇದೆಯಲ್ಲ! ಮಾಸ್ಕಿನೊಳಗೇ ಸಭೆ ಕಿಸಕ್ಕೆಂದು ನಕ್ಕಿತು.

“ಏ ಕೊಣ್ಣೂರ! ಇಳದ ಮ್ಯಾಲ ನಿನ್ನ ಬಾಯಿಗೆ ಡಬಲ್ ಹೊಲಿಗಿ ಹಾಕ್ತೇನಿ!”

ಅವನು ಆ ದಿನಗಳಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಕೇಳಿಸುತ್ತಿದ್ದ ಆ ಕೆಮ್ಮನ್ನು ಕೆಮ್ಮಿದ. ಖೊಕ್ಕ್, ಖೊಕ್ಕ್. ತಮಾಷೆಯೆಂದು ಗೊತ್ತಿದ್ದೂ ಇಡೀ ಸಭೆ ಒಂದು ಹೆಜ್ಜೆ ಹಿಂದೆ ನೆಗೆಯಿತು; ಮಾಸ್ತರರು ತಾವೇ ಬರೆದ ವೃತ್ತದಿಂದ ಹೊರಗೆ ಬಿದ್ದರು.

ಆಗ ಎದುರುಮನೆಯ ಕಿಟಕಿಯಿಂದ ನಗೆಯೊಂದು ಕೇಳಿಸಿತು. ಚಿನ್ಮಯಿ.

ಪರಿಮಳಾ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮಗಳು ನಕ್ಕರೆ ಕೆಮ್ಮು, ಕೆಮ್ಮಿದರೆ ಎದೆಯಲ್ಲಿ ಗೊರಗೊರ. ಅದಕ್ಕೇ ಆಕೆ ಮಗಳನ್ನು ನಗಿಸುವುದನ್ನೇ ಬಿಟ್ಟಿದ್ದಳು. ಈಗ ಗಾಳಿಯಲ್ಲಿ ನೇತಾಡುತ್ತಲೇ ಕಿವಿಗೊಟ್ಟಳು. ಹುಡುಗಿ ನಕ್ಕಳು, ಉಸಿರು ಎಳೆದಳು, ಮತ್ತೆ ನಕ್ಕಳು. ಕೆಮ್ಮು ಬರಲಿಲ್ಲ. ಮೂರನೇ ಸಲವೂ ಬರಲಿಲ್ಲ. ನನ್ನ ಹಿಡಿಕೆಯ ಮೇಲಿದ್ದ ಆಕೆಯ ಬಿಗಿ ಸಡಿಲಾದದ್ದು ನನಗೊಬ್ಬನಿಗೇ ಗೊತ್ತು.

ಆಮೇಲೆ ಆಕೆ ಮಾಸ್ಕಿನ ಮೇಲಿಂದಲೇ ಮೂಗು ಹಿಡಿದುಕೊಂಡಳು.

“ಪ್ರಯಾಣಿಕರ ಗಮನಕ್ಕೆ. ಮೋಡಕಾಕ್ಕೆ ಹೋಗುವ ಗಾಡಿಯನ್ನು ಇಂದು ರದ್ದು ಮಾಡಲಾಗಿದೆ. ಮಾಸ್ಕು ಇಲ್ಲದವರು, ಹಿಡಿಕೆ ಒರೆಸದವರು, ತುದಿ ಬದಲಿಸುವವರು ಸೀಸಾ ಹತ್ತತಕ್ಕದ್ದಲ್ಲ. ಒಂದು ಸೀಟು ಚಿನ್ಮಯಿ ಹಳಿಯಾಳ ಅವರಿಗೆ. ಎದುರಿನ ಸೀಟು ಕೊಣ್ಣೂರ ಅವರ ಮಗನಿಗೆ. ಅಪ್ಪನಿಗೆ ಪ್ರವೇಶವಿಲ್ಲ, ಓವರ್‌ಲೋಡು!”

ಫಕೀರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಸ್ತರರು ವೃತ್ತದ ಹೊರಗೆ ನಿಂತೇ ನಕ್ಕರು. ಗುಜರಿಯವನು ಏನೂ ಅರ್ಥವಾಗದೆ ನಕ್ಕ. ನಾನು ಕಿರುಗುಟ್ಟಿ ಕಿರುಗುಟ್ಟಿ ಬೋಲ್ಟು ಸಡಿಲ ಮಾಡಿಕೊಂಡೆ. ಆದರೆ ಎಲ್ಲರ ದನಿಯನ್ನೂ ಮುಳುಗಿಸಿ, ಚಪ್ಪಲಿಯಿಲ್ಲದ ಕಾಲು ಆಡಿಸುತ್ತ, ಕಿಟಕಿಯ ಕಡೆ ಮುಖಮಾಡಿ ಜೋರಾಗಿ ನಕ್ಕವಳು ಇನ್ನೂ ಮೇಲೆಯೇ ಇದ್ದಳು.