ಆಚೆ ದಡದ ಅಕ್ಕ

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹೆಣದ ಹಣೆಗೆ ಹುಲಿಗವ್ವ ವಿಭೂತಿ ಹಚ್ಚುತ್ತಿದ್ದಾಗ ಓಣಿಯ ತುದಿಯಿಂದ ಯಮನೂರಮ್ಮನ ಅಳು ಕೇಳಿಸಿತು. ಹೊಳೆಯಾಚೆಯ ಕಂಪ್ಲಿಯಿಂದ ಹರಿಗೋಲು ಹತ್ತಿ ಗಂಡನ ಅಕ್ಕ ಬಂದೇಬಿಟ್ಟಿದ್ದಳು. ಹುಲಿಗವ್ವ ಮಗನ ಕಡೆ ತಿರುಗಿದಳು.

“ಆಕಿಗೆ ಯಾರು ಸುದ್ದಿ ಮುಟ್ಟಿಸ್ಯಾರ?”

“ನಾನ ಹೇಳಿ ಕಳಿಸಿದೆ. ಒಡಹುಟ್ಟಿದಾಕಿಗೆ ಹೇಳಬಾರದೇನವ್ವ?” ಅಂದ ಮಗ ಮಾರೆಪ್ಪ.

ಅವನಿಗೇನು ಗೊತ್ತು, ಪಾಪ. ಅತ್ತೆಯನ್ನು ಕಂಪ್ಲಿಗೆ ಮದುವೆ ಮಾಡಿಕೊಟ್ಟಿದ್ದಾರೆ ಎಂದಷ್ಟೇ ತಿಳಿದಿದ್ದ. ಹೊರಗೆ ಕಟ್ಟೆಯ ಮೇಲೆ ಅಪ್ಪನ ಕಚೇರಿಯ ಕಾಗದಪತ್ರ ನೋಡುವ ಪೇಶ್ಕಾರ ನಜೀರಸಾಬರು ಕುಳಿತಿದ್ದರು. ಮಾರೆಪ್ಪನ ನೌಕರಿ ಅರ್ಜಿ ಅವರ ಕೈಯಲ್ಲೇ ಇತ್ತು.

*

ಹದಿನೆಂಟು ವರ್ಷದ ಹಿಂದೆ ಹುಲಿಗವ್ವನ ಗಂಡ ಹುಚ್ಚೀರಪ್ಪ ಚಪರಾಸಿ ಕೆಲಸಕ್ಕೆ ಹೋದಾಗ ಕಚೇರಿಯವರು ಮೊದಲು ಕೇಳಿದ್ದೇ ಹುಟ್ಟಿದ ಊರು. ನಿಜಾಮರ ಸೀಮೆಯಲ್ಲಿ ಹುಟ್ಟಿದವನು ಮುಲ್ಕಿ, ಅವನಿಗೇ ನೌಕರಿ. ಹೊಳೆಯಾಚೆಯದು ಇಂಗ್ರೇಜರ ಸೀಮೆ. ಕಂಪ್ಲಿಯಲ್ಲಿ ಹುಟ್ಟಿದ ಹುಚ್ಚೀರಪ್ಪ ಈಚೆ ದಡದ ಸಾಣಾಪುರ ಎಂದು ಬರೆಸಿಬಿಟ್ಟ.

“ಗೊತ್ತಾದ್ರ ಜೇಲು,” ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ. “ಹುಡುಗನಿಗೂ ನೌಕರಿ ಇಲ್ಲ. ಅಪ್ಪ ಮುಲ್ಕಿ ಇದ್ರನ ಮಗ ಮುಲ್ಕಿ.”

ಆಮೇಲೆ ಅವನು ಹೊಳೆ ದಾಟಲಿಲ್ಲ. ಹೆತ್ತ ತಾಯಿ ಸತ್ತಾಗಲೂ ದಾಟಲಿಲ್ಲ. ಎಂಥ ಹೆದರಿಕೆಯೋ ಏನೋ.

*

ಸತ್ತವರ ಬಾಳನ್ನು ಹುಟ್ಟಿನಿಂದ ಹಿಡಿದು ಹಾಡಿ ಅಳುವುದು ಅಕ್ಕತಂಗಿಯರ ಹಕ್ಕು. ಯಮನೂರಮ್ಮ ತಮ್ಮನ ಪಾದ ಹಿಡಿದು ಶುರುಮಾಡಿದಳು.

“ಕಂಪ್ಲಿ ಮನಿಯಾಗ ಹುಟ್ಟಿದೆಲ್ಲೋ ತಮ್ಮಾ, ನನ್ನ ಬಗಲಾಗ ಬೆಳೆದೆಲ್ಲೋ...”

ನಜೀರಸಾಬರು ಎದ್ದು ಬಾಗಿಲಿಗೆ ಬಂದರು. “ಕಂಪ್ಲಿಯಾಗ ಹುಟ್ಟಿದ್ದಾ? ಏನಂತಾಳ ಈಕಿ?”

ಹುಲಿಗವ್ವ ನಡುವೆ ಬಾಯಿ ಹಾಕಿದಳು. “ಆಕಿ ತಲಿ ನೆಟ್ಟಗಿಲ್ಲರಿ ಸಾಹೇಬ್ರ. ಏನೇನೋ ಬಡಬಡಸ್ತಾಳ.”

“ಅವ್ವಾ, ಅತ್ತಿಗೆ ಏನಾಗೇತಿ?” ಎಂದ ಮಾರೆಪ್ಪ.

“ನೀ ಸುಮ್ನಿರು.”

ಸಾಹೇಬರು ಅಲ್ಲಾಡಲಿಲ್ಲ. ಮುದುಕಿಯ ಮುಖವನ್ನೇ ನೋಡುತ್ತ ನಿಂತರು.

ಹುಲಿಗವ್ವ ಅಪ್ಪಿಕೊಂಡು ಅಳುವವಳಂತೆ ಯಮನೂರಮ್ಮನ ಮೇಲೆ ಬಿದ್ದು ಕಿವಿಯಲ್ಲಿ ಉಸುರಿದಳು: “ಹುಡುಗನ ನೌಕರಿ ಹೋಗತೈತಿ, ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ.”

ಯಮನೂರಮ್ಮನ ಅಳು ಗಕ್ಕನೆ ನಿಂತಿತು. ಮಾರೆಪ್ಪನನ್ನು ನೋಡಿದಳು. ಬಾಗಿಲಲ್ಲಿ ನಿಂತ ಸಾಹೇಬರನ್ನು ನೋಡಿದಳು.

ತಮ್ಮನ ಪಾದ ಬಿಟ್ಟು ಮೆಲ್ಲಗೆ ಎದ್ದಳು. ತಲೆಯ ಸೆರಗು ಕಿತ್ತೆಸೆದು, ಕೂದಲು ಕೆದರಿಕೊಂಡು, ಹೆಣದ ಮುಂದೆ ಚಪ್ಪಾಳೆ ತಟ್ಟಿ ಕುಣಿಯುತ್ತ ಗಹಗಹಿಸಿ ನಗತೊಡಗಿದಳು.