ಸೂಜಿಯ ನಿಜವಾದ ಹೆಸರು

‘ಬಾಗಿಲಿಗೆ ಚಿಲಕ ಹಾಕುವವನೆಲ್ಲ ಕಳ್ಳನಲ್ಲ.’ ಹನ್ನೊಂದು ವರ್ಷ ನಾನು ಜನರಿಗೆ ಹೇಳಿಕೊಂಡು ಬಂದ ಮಾತು ಇದು. ಮುಚ್ಚಿಡುವಂಥದ್ದು ಏನೂ ಇಲ್ಲದವನ ಸಂದೇಶಕ್ಕೆ ಬೀಗವೇಕೆ ಎಂದು ಯಾರಾದರೂ ಕೇಳಿದರೆ ಸಾಕು, ನಮ್ಮ ಜಾಲವೇದಿಕೆಯ ಮಂದಿ ಇದನ್ನೇ ಅವರ ಮುಖಕ್ಕೆ ಹಿಡಿಯುತ್ತಿದ್ದರು. ಸಾಫ್ಟ್‌ವೇರ್ ಬಗ್ಗೆ ಅರಬ್ಬಿಯಲ್ಲೇ ಮಾತಾಡಲೆಂದು ನಾನೂ ಬಿಜರ್ತೆ ಊರಿನ ನಜೀಬನೂ ಸೇರಿ ಕಟ್ಟಿದ ವೇದಿಕೆ ಅದು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ನಾನು ‘ಕಾವಲುಗಾರ’. ಹೊರಗಿನ ಲೋಕದಲ್ಲಿ ಮಾತ್ರ ಲಸಾದ್ ಗರ್ಗೂರಿ. ಸ್ಫಾಕ್ಸ್‌ನ ಹಳೇ ಕೋಟೆಬಾಗಿಲು ಬಾಬ್ ಜಬ್ಲಿಯ ಹತ್ತಿರ ಫೋನು, ಕಂಪ್ಯೂಟರ್ ರಿಪೇರಿ ಮಾಡುವ ಸಣ್ಣ ಅಂಗಡಿಯವನು.

ನಾನೊಂದು ಅರಬ್ಬಿ ನಿಘಂಟಿನ ತಂತ್ರಾಂಶವನ್ನೂ ಬರೆದಿದ್ದೆ. ಎರಡು ವರ್ಷದ ದುಡಿಮೆ. ಕೊಂಡವರು ಅದನ್ನು ಒಂದೇ ಫೋನಿನಲ್ಲಿ ಬಳಸಬಹುದಿತ್ತು. ಫೋನು ಬದಲಾದರೆ ನನ್ನನ್ನು ಕೇಳಬೇಕು, ನಾನು ತೆರೆದುಕೊಡಬೇಕು. ಆ ಗುರುವಾರ ಬೆಳಿಗ್ಗೆ ಕೃತಿಸ್ವಾಮ್ಯದ ಬಗ್ಗೆ ಚರ್ಚೆ ನಡೆಯುತ್ತಿದ್ದಾಗ ‘ಸೂಜಿ’ ಎಂಬ ಹೆಸರಿನವಳು ಇದನ್ನೇ ಹಿಡಿದುಕೊಂಡಳು. ವೇದಿಕೆಗೆ ಬಂದು ಒಂದು ವರ್ಷವೂ ಆಗಿರದವಳು.

‘ಕಾವಲುಗಾರಣ್ಣ, ನನ್ನ ಮನೆ ಬಾಗಿಲಿಗೆ ನಾನು ಹಾಕೋ ಬೀಗದ ಕೀಲಿ ನನ್ನ ಹತ್ರಾನೇ ಇರುತ್ತೆ. ನಿನ್ನ ನಿಘಂಟಿಗೆ ನೀನು ಹಾಕಿರೋ ಬೀಗ ಇರೋದು ನನ್ನ ಮನೇಲಿ, ಕೀಲಿ ಮಾತ್ರ ನಿನ್ನ ಜೇಬಲ್ಲಿ. ಎರಡಕ್ಕೂ ಬೀಗ ಅಂತಲೇ ಹೆಸರಿಟ್ಟು ನಮ್ಮನ್ಯಾಕೆ ಏಮಾರಿಸ್ತೀಯ?’

ಕದ್ದು ಹಂಚುವವರ ಪರ ವಕಾಲತ್ತು ಬೇಡ ಎಂದು ನಾನು ಬರೆದೆ.

‘ಕದೀರಿ ಅಂತ ನಾನೆಲ್ಲಿ ಹೇಳ್ದೆ? ದುಡ್ಡು ಕೊಟ್ಟೋರು ಫೋನ್ ಕೆಟ್ಟಾಗ ನಿನ್ನ ಮುಂದೆ ಕೈಕಟ್ಟಿ ನಿಲ್ಬೇಕಾ ಅಂತ ಕೇಳ್ದೆ. ಅಷ್ಟೇ.’

ಒಂದು ಸಾಲು ಬರೆದೆ, ಅಳಿಸಿದೆ. ಅವಳ ಮಾತು ಸರಿಯಿತ್ತು. ಅಷ್ಟರಲ್ಲಿ ವಹ್ರಾನ್ ಊರಿನವನೊಬ್ಬ ‘ಕಾವಲುಗಾರನ ಮನೆಗೇ ಕನ್ನ ಬಿತ್ತು’ ಎಂದು ಬರೆದ. ‘ಪಾಪ ಬಿಡಿ, ಜೇಬಲ್ಲಿ ಕೀಲಿ ಹುಡುಕ್ತಿರಬೇಕು’ ಎಂದಳು ಸೂಜಿ. ಇನ್ನೂರು ಜನ ನಕ್ಕರು. ಹನ್ನೊಂದು ವರ್ಷ ನನ್ನನ್ನು ಗುರುವೆಂದವರೇ ಅವರು.

ವೇದಿಕೆಯ ದಾಖಲೆಗಳನ್ನು ತೆರೆಯುವ ಅಧಿಕಾರ ಇದ್ದದ್ದು ಇಬ್ಬರಿಗೆ, ನನಗೆ ಮತ್ತು ನಜೀಬನಿಗೆ. ಯಾರು ಯಾವ ಇಮೇಲಿನಿಂದ ಸೇರಿದ್ದಾರೆ, ಎಲ್ಲಿಂದ ಬರೆಯುತ್ತಿದ್ದಾರೆ ಎಂಬುದೆಲ್ಲ ಅಲ್ಲಿರುತ್ತದೆ. ದಾಳಿಯೇನಾದರೂ ಆದ ಹೊರತು ನೋಡಬಾರದೆಂಬ ನಿಯಮವನ್ನು ಬರೆದವನು ನಾನೇ. ಆ ಬೆಳಿಗ್ಗೆ ಹನ್ನೊಂದಕ್ಕೆ ತೆರೆದೆ. ಸಿಹೆಮ್ ತ್ರಿಕಿ. ನನ್ನದೇ ಊರು. ಬರೆಯುತ್ತಿದ್ದದ್ದು ಮುನಿಸಿಪಾಲಿಟಿಯ ಒಂದು ಶಾಖೆಯಿಂದ, ಜನನ ಮರಣ ದಾಖಲೆಯ ವಿಭಾಗದಿಂದ.

ಹೆಸರು ಹೇಳಲಿಲ್ಲ. ಆಮೇಲೆ ಬಹಳ ದಿನ ಇದೊಂದನ್ನೇ ನನಗೆ ನಾನೇ ಹೇಳಿಕೊಂಡೆ. ನಾನು ಬರೆದದ್ದು ಇಷ್ಟೇ: ‘ಸ್ಫಾಕ್ಸ್‌ನಲ್ಲಿ ಜನನಪತ್ರಕ್ಕೆ ಜನ ಸಾಲುಗಟ್ಟಿ ನಿಂತಿದ್ದಾರೆ. ಸೂಜಿಯಮ್ಮ ಮೊದಲು ಅವರ ಕಾಗದಕ್ಕೆ ಮುದ್ರೆ ಒತ್ತಲಿ, ಆಮೇಲೆ ನನಗೆ ನ್ಯಾಯ ಹೇಳಲಿ.’

ನಗು ಈಗ ನನ್ನ ಕಡೆ ತಿರುಗಿತು. ಸೂಜಿ ಮತ್ತೆ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮೂರಿನವನೊಬ್ಬ ‘ನಾಲ್ಕನೇ ಕೌಂಟರ್. ಸಿಹೆಮ್ ತ್ರಿಕಿ. ನನ್ನ ಮಗಳ ಪತ್ರಕ್ಕೆ ಹೋದಾಗಲೂ ಇದೇ ನಾಲಿಗೆ’ ಎಂದು ಅವಳ ಫೋಟೋ ಸಮೇತ ಹಾಕಿದ. ಅದನ್ನು ನಾನು ಅಳಿಸಿದೆ, ನಿಜ. ನಲವತ್ತು ನಿಮಿಷದ ಮೇಲೆ ಅಳಿಸಿದೆ. ಆ ನಲವತ್ತು ನಿಮಿಷ ಎದುರಿನ ಕಾಫಿ ಅಂಗಡಿಯಲ್ಲಿ ಕೂತು, ಯಾರ್ಯಾರು ನಗುತ್ತಿದ್ದಾರೆಂದು ಫೋನಿನಲ್ಲಿ ನೋಡುತ್ತಿದ್ದೆ.

ಶನಿವಾರ ನಜೀಬ ಫೋನ್ ಮಾಡಿದ.

“ಗುರುವಾರ ಹನ್ನೊಂದು ಗಂಟೆಗೆ ದಾಖಲೆ ತೆರೆದೋರು ಯಾರು?”

“ಏನೋ ರಿಪೇರಿ ಇತ್ತು.”

“ಒಬ್ಬಳದೇ ಪುಟ ರಿಪೇರಿ ಮಾಡಿದ್ಯಾ ಲಸಾದ್?”

ಗಿರಾಕಿ ಬಂದರು, ಆಮೇಲೆ ಮಾಡುತ್ತೇನೆ ಎಂದೆ.

“ಹಳೇ ಚರ್ಚೆಯೊಂದನ್ನ ಕಳಿಸ್ತೀನಿ, ಓದು. ಸೂಜಿ ಯಾರು ಅಂತ ಗೊತ್ತಾದ್ಮೇಲೆ ಊರೆಲ್ಲ ಓದ್ತಾ ಇದೆ,” ಎಂದು ಇಟ್ಟುಬಿಟ್ಟ.

ಮೂರು ತಿಂಗಳ ಹಿಂದಿನದು. ಸೂಜಿ ಸಹಾಯ ಕೇಳಿದ್ದಳು. ತಂಗಿ ಅಪ್ಪನಿಗಾಗದ ಮನೆಯ ಹುಡುಗನನ್ನು ಮದುವೆಯಾಗಿ ಕೈರವಾನ್ ಸೇರಿದ್ದಾಳೆ. ಅವಳ ಜೊತೆ ಮಾತಾಡಿದವರು ನನ್ನ ಹೊಸಿಲು ತುಳಿಯಬಾರದೆಂದು ಅಪ್ಪ ಆಣೆ ಹಾಕಿದ್ದಾರೆ. ಅಮ್ಮ ಏಳು ವರ್ಷದಿಂದ ಮಗಳ ದನಿ ಕೇಳಿಲ್ಲ, ಮೊಮ್ಮಗುವನ್ನು ಕಂಡೇ ಇಲ್ಲ. ಮನೆಯಲ್ಲಿ ಫೋನು ಎಲ್ಲರ ಕೈಗೂ ಹೋಗುತ್ತದೆ. ವಾರಕ್ಕೊಂದು ಸಲ ಅಮ್ಮ ಮಗಳು ಮಾತಾಡಬೇಕು, ಯಾವ ಗುರುತೂ ಉಳಿಯಬಾರದು, ಹೇಗೆ?

ಅದರ ಕೆಳಗೆ ಒಂದು ಉದ್ದನೆಯ ಉತ್ತರವಿತ್ತು. ಯಾವ ತಂತ್ರಾಂಶ ಹಾಕಬೇಕು, ಹೇಗೆ ಬೀಗ ಹಾಕಬೇಕು, ಕರೆಗಳ ಗುರುತನ್ನು ಹೇಗೆ ಅಳಿಸಬೇಕು ಎಂದು ಒಂದೊಂದಾಗಿ ಬಿಡಿಸಿ ಹೇಳಿದ ಉತ್ತರ. ಕೊನೆಯಲ್ಲಿ ‘ನಿನ್ನ ಗುಟ್ಟು ಇಲ್ಲಿ ಭದ್ರ ತಂಗೀ’ ಎಂದಿತ್ತು. ಬರೆದವನು ಕಾವಲುಗಾರ. ನನಗೆ ಅದರ ನೆನಪೇ ಇರಲಿಲ್ಲ. ಅಂಥ ಎಷ್ಟೋ ಉತ್ತರಗಳನ್ನು ಬರೆದು ಬೆನ್ನು ತಟ್ಟಿಸಿಕೊಂಡವನು ನಾನು.

ಸೋಮವಾರ ಆ ಕಚೇರಿಗೆ ಹೋದೆ. ಚೀಟಿ ತೆಗೆದುಕೊಂಡು ನಾಲ್ಕನೇ ಕೌಂಟರಿನ ಸಾಲಿನಲ್ಲಿ ನಿಂತೆ. ಮುಂದೆ ಒಂಬತ್ತು ಜನ. ಕೌಂಟರಿನಾಚೆ ಮೂವತ್ತೈದು ದಾಟಿದ ಹೆಂಗಸು, ಕನ್ನಡಕ, ಬೂದು ಸ್ವೆಟರ್. ಮುದುಕನೊಬ್ಬನಿಗೆ ಯಾವ ಕಾಗದ ಸಾಲದೆಂದು ಎರಡೆರಡು ಸಲ ಹೇಳುತ್ತಿದ್ದಳು, ಬೇಸರವಿಲ್ಲದೆ. ನನ್ನ ಸರದಿ ಬಂತು.

“ಹೆಸರು?”

“ಲಸಾದ್ ಗರ್ಗೂರಿ.” ಕೌಂಟರಿನ ಹತ್ತಿರಕ್ಕೆ ಬಾಗಿದೆ. “ಅಲ್ಲಿ... ನಾನೇ ಕಾವಲುಗಾರ.”

ಅವಳು ತಲೆಯೆತ್ತಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

“ಹುಟ್ಟಿದ ವರ್ಷ?”

ಹೇಳಿದೆ. ಟೈಪ್ ಮಾಡುತ್ತಲೇ ಮೆಲ್ಲಗೆ ಅಂದಳು: “ನಿಮಗೆ ಹೇಗೆ ಗೊತ್ತಾಯ್ತು ಅಂತ ಎರಡು ದಿನ ಯೋಚನೆ ಮಾಡ್ದೆ. ನಾನೆಲ್ಲಿ ಕೆಲಸ ಮಾಡ್ತೀನಿ ಅಂತ ಅಲ್ಲಿ ಯಾರಿಗೂ ಹೇಳಿರ್ಲಿಲ್ಲ. ನೋಡೋಕೆ ಆಗೋದು ಇಬ್ಬರಿಗೆ ಮಾತ್ರ ಅಂತ ನೀವೇ ಬರ್ದಿದ್ರಿ. ಇನ್ನೊಬ್ಬರು ಆ ಹೊತ್ತಲ್ಲಿ ವೇದಿಕೇಲಿ ಇರ್ಲೇ ಇಲ್ಲ.”

“ಮನೇಲಿ...”

“ನಾನು ಅವತ್ತು ಸಹಾಯ ಕೇಳಿ ಬರ್ದಿದ್ದನ್ನ ಚಿಕ್ಕಪ್ಪನ ಮಗ ತಂದು ತೋರಿಸ್ದ. ಅಪ್ಪ ಕೂಗಾಡ್ಲಿಲ್ಲ. ಅಮ್ಮನ ಫೋನ್ ಇಸ್ಕೊಂಡು ಬಾವಿಗೆ ಹಾಕಿದ್ರು. ಅಮ್ಮ ಅವತ್ತಿಂದ ಅಡುಗೆ ಮಾಡ್ತಾಳೆ, ಬಡಿಸ್ತಾಳೆ, ಮಾತಾಡಲ್ಲ.”

“ನಾನು ಬಂದು ನಿಮ್ಮ ತಂದೆಯವರ ಹತ್ರ ಮಾತಾಡ್ಲಾ? ತಪ್ಪೆಲ್ಲ ನಂದು ಅಂತ...”

“ಬೇಡ. ನೀವು ಗಂಡಸ್ರು, ಬಂದ್ರೆ ಕೂರಿಸಿ ಕಾಫಿ ಕೊಡ್ತಾರೆ. ನಿಮ್ಮನ್ನ ನನ್ನೆದುರಿಗೇ ಕ್ಷಮಿಸಿಬಿಡ್ತಾರೆ. ಅದನ್ನ ನೋಡೋ ಶಕ್ತಿ ನನಗಿಲ್ಲ.” ಹಿಂದಿನವರು ಗೊಣಗತೊಡಗಿದ್ದರು. “ಮಾಡೋದಿದ್ರೆ ಮಾತಾಡಿದ ಜಾಗದಲ್ಲೇ ಹೇಳಿ. ನಿಮ್ಮ ಹೆಸರಲ್ಲಿ. ಎಷ್ಟು ಪ್ರತಿ ಬೇಕು?”

“ಏನು?”

“ಜನನಪತ್ರ. ಎಷ್ಟು ಪ್ರತಿ?”

ಒಂದು ಎಂದೆ. ಮುದ್ರೆ ಒತ್ತಿ ಕೊಟ್ಟಳು. ಮುಂದಿನವರನ್ನು ಕರೆದಳು.

ಅಂಗಡಿಗೆ ಬಂದು ಶಟರ್ ಅರ್ಧ ಎಳೆದು ಬರೆಯಲು ಕೂತೆ. ಮೊದಲ ಸಲ ಬರೆದದ್ದರಲ್ಲಿ ‘ಆವೇಶದಲ್ಲಿ’ ಎಂಬ ಪದವಿತ್ತು, ಹೊಡೆದುಹಾಕಿದೆ. ‘ಹೆಸರು ನಾನು ಹೇಳಿರಲಿಲ್ಲ’ ಎಂಬ ಸಾಲಿತ್ತು, ಅದನ್ನೂ ತೆಗೆದೆ. ಉಳಿದದ್ದು ನಾಲ್ಕು ಸಾಲು: ನನ್ನ ಪೂರ್ತಿ ಹೆಸರು, ವಾದದಲ್ಲಿ ಸೋತೆನೆಂಬುದು, ಸೋತದ್ದಕ್ಕೆ ದಾಖಲೆ ತೆರೆದು ನೋಡಿದೆನೆಂಬುದು, ನಲವತ್ತು ನಿಮಿಷ.

ಕೆಲವರು ಉಗಿದರು. ಅದನ್ನು ತಡೆದುಕೊಳ್ಳಬಹುದಿತ್ತು. ಉಳಿದವರು ಹೊಗಳಿದರು. ‘ಒಪ್ಪಿಕೊಳ್ಳೋಕೂ ಎದೆ ಬೇಕು ಗುರುವೇ.’ ‘ದೊಡ್ಡ ಮನುಷ್ಯರ ತಪ್ಪೂ ದೊಡ್ಡದು.’ ಸಂಜೆಯ ಹೊತ್ತಿಗೆ ನನ್ನ ಹೆಸರು ಮೊದಲಿಗಿಂತ ಎತ್ತರಕ್ಕೇರಿತ್ತು. ಅವಳನ್ನು ಹೇಗಿದ್ದೀಯ ಎಂದು ಒಬ್ಬರೂ ಕೇಳಿರಲಿಲ್ಲ. ನಾನೇ ನಜೀಬನಿಗೆ ಫೋನ್ ಮಾಡಿ, ನನ್ನ ಅಧಿಕಾರಗಳನ್ನೆಲ್ಲ ಕಿತ್ತುಕೊ, ನನ್ನನ್ನು ಹೊರಗೆ ಹಾಕು ಎಂದೆ.

“ಆಗಲೇ ಹಾಕಿದ್ದೀನಿ,” ಎಂದ. ಇಪ್ಪತ್ತು ವರ್ಷದ ಗೆಳೆಯ. ಅಷ್ಟೇ ಹೇಳಿ ಫೋನ್ ಇಟ್ಟ. ಆ ವಾರವೇ ನಿಘಂಟಿನ ಬೀಗವನ್ನು ತೆಗೆದುಹಾಕಿದೆ. ಅದರಿಂದ ಯಾರಿಗೇನು ಬಂತೋ ತಿಳಿಯದು.

ಉಪವಾಸದ ತಿಂಗಳು ಮುಗಿದು ಬರುವ ಹಬ್ಬ ಕಳೆದು ಎರಡು ವಾರಕ್ಕೆ, ಹಬ್ಬದೂಟದ ಉಪ್ಪುಮೀನಿನ ವಾಸನೆ ಇನ್ನೂ ಬೀದಿ ಬಿಟ್ಟಿರಲಿಲ್ಲ, ಬಿಳಿ ಸಫ್ಸಾರಿ ಹೊದ್ದ ಮುದುಕಿಯೊಬ್ಬಳು ಅಂಗಡಿಗೆ ಬಂದಳು. ಹೊದಿಕೆಯೊಳಗಿಂದ ಅಗ್ಗದ ಹೊಸ ಫೋನೊಂದನ್ನು ತೆಗೆದು ಮುಂದಿಟ್ಟಳು.

“ಮಗಾ, ಕೈರವಾನಲ್ಲಿರೋ ನನ್ನ ಮಗಳ ಜೊತೆ ಮಾತಾಡ್ಬೇಕು. ಯಾರಿಗೂ ತಿಳೀಬಾರ್ದು. ಹಂಗೆ ಮಾಡಿಕೊಡು.”

“ನನ್ನ ಹತ್ರ ಯಾರು ಕಳಿಸಿದ್ರಮ್ಮಾ?”

“ದೊಡ್ಡೋಳು. ಸಿಹೆಮ್. ಈ ಕೆಲ್ಸ ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅಂದ್ಳು.”

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಕೆಲಸಕ್ಕೆ ಇಳಿದೆ. ಮುದುಕಿ ಸುಮ್ಮನೆ ಕೂರುವವಳಲ್ಲ. ಹಿಂದಿನ ಫೋನು ಬಾವಿ ಸೇರಿದ್ದನ್ನು ಹೇಳಿದಳು. “ಕಂಪ್ಯೂಟರಲ್ಲಿ ಯಾವನೋ ನಾಯಿ ನಮ್ಮ ಮನೆ ಮಾತನ್ನ ಬೀದೀಲಿ ಹರಡ್ದ, ಮಗಾ. ನಾವು ಅವನಿಗೇನು ಮಾಡಿದ್ವೋ ಗೊತ್ತಿಲ್ಲ. ಹೋಗ್ಲಿ, ದೇವರು ಅವನ ಮಾನ ಮುಚ್ಚಲಿ.”

ಅದು ನಾನೇ ಎಂದು ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಹೇಳಿದರೆ ಈ ಫೋನನ್ನೂ ಎತ್ತಿಕೊಂಡು ಹೋಗಿಬಿಡುತ್ತಾಳೆ, ಮತ್ತೆ ಮಗಳ ದನಿ ಇಲ್ಲದಂತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಕಾರಣವೋ ನೆಪವೋ ಇಂದಿಗೂ ಬಗೆಹರಿದಿಲ್ಲ. ತಲೆ ತಗ್ಗಿಸಿಕೊಂಡೇ ಗುಪ್ತಸಂಖ್ಯೆ ಕೇಳುವ ಪರದೆಯನ್ನು ಅವಳ ಕಡೆ ತಿರುಗಿಸಿದೆ.

“ನಾಲ್ಕಂಕಿ ನೀವೇ ಒತ್ತಿ. ನನಗೆ ಹೇಳ್ಬೇಡಿ.”

“ನಿನ್ನ ಹತ್ರ ಎಂಥ ಗುಟ್ಟು?”

“ನನಗೂ ಹೇಳ್ಬೇಡಿ ಅಮ್ಮಾ.”

ಒತ್ತಿದಳು. ಕರೆ ಹೋಗಿ, ಆ ಕಡೆಯಿಂದ ಹೆಣ್ಣಿನ ದನಿಯೊಂದು “ಅಮ್ಮಾ?” ಎಂದಿತು. ಹಿಂದೆಯೇ ಮಗುವೊಂದು ಏನೋ ಕಿರುಚಿತು. ಮುದುಕಿ ಎರಡೂ ಕೈಯಲ್ಲಿ ಫೋನನ್ನು ಹಿಡಿದುಕೊಂಡಳು. ನಾನು ಎದ್ದೆ.

“ನಿನ್ನಂಗಡಿ ಬಿಟ್ಟು ನೀನೆಲ್ಲಿಗೆ ಹೋಗ್ತೀಯೋ? ಕೂತ್ಕೊ,” ಎಂದಳು ಅವಳು, ಅಳುತ್ತಲೇ.

ಕೂರಲಿಲ್ಲ. ಹೊರಗೆ ಹೋಗಿ ಗಾಜಿನ ಬಾಗಿಲನ್ನು ಎಳೆದುಕೊಂಡೆ. ಮಧ್ಯಾಹ್ನದ ಬಿಸಿಲು. ಬೀದಿಯಲ್ಲಿ ಪರಿಚಯದವರು ಸಲಾಂ ಹೇಳಿದರು, ಒಳಗೆ ಯಾರು ಎಂದು ಕೇಳಿದರು. ಗಿರಾಕಿ ಎಂದೆ. ಅವಳು ಮುಗಿಸುವವರೆಗೆ, ಒಂದು ಗಂಟೆಗೂ ಹೆಚ್ಚು ಹೊತ್ತು, ಬಾಗಿಲಿಗೆ ಬೆನ್ನು ಮಾಡಿಕೊಂಡು ನಿಂತೇ ಇದ್ದೆ.