ಹಸಿರು ಡ್ರಮ್ಮಿನ ಚಾವಿ

"ಮೂಗ್ ಮುಚ್ಕೋಬ್ಯಾಡ, ರಂಡಿ! ಮಂದಿ ನೋಡ್ಲಿಕತ್ತಾರ. ನೀನೇ ಮೂಗ್ ಮುಚ್ಕೊಂಡ್ರ ವಾಸನಿ ಇಲ್ಲಂತ ನಾ ಹ್ಯಾಂಗ ಹೇಳ್ಲಿ?"

ಮಕರಂದ ಹಲ್ಲು ಕಚ್ಚಿ, ದನಿ ತಗ್ಗಿಸಿ ಬೈದ. ಅಂಬೂಬಾಯಿ ಸೆರಗನ್ನು ಮೂಗಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಅವಳ ಕೈಯಲ್ಲಿದ್ದ ಹಸಿರು ಡ್ರಮ್ಮು ಸದ್ಯ ಖಾಲಿ ಇತ್ತು. ವಾಸನೆ ಮಾತ್ರ ಅದರ ಮೈಗೇ ಹತ್ತಿಕೊಂಡಿತ್ತು.

ಬೀದರ ನಗರದ ಆ ಸಭಾಭವನದ ಅಂಗಳದಲ್ಲಿ ಹದಿನಾಲ್ಕು ಸ್ಟಾಲುಗಳು ಎದ್ದಿದ್ದವು. ಪರಿಸರ ಕೆಡಿಸದೆ ಪ್ರವಾಸಿಗರನ್ನು ಕರೆತರುವ ಹೊಸ ಉದ್ಯಮಗಳ ಸ್ಪರ್ಧೆ. ಒಂಬತ್ತನೆಯ ಸ್ಟಾಲು ಮಕರಂದ, ಸ್ನೇಹಲ ಎಂಬ ಗಂಡ ಹೆಂಡಿರದು. ಭಾಲ್ಕಿ ಹತ್ತಿರದ ಮಾಳದ ಮೇಲೆ ಅವರು ಹತ್ತು ಡೇರೆ ಹಾಕಿದ್ದರು. ಶನಿವಾರ ಭಾನುವಾರ ಹೈದರಾಬಾದಿನಿಂದ, ಪುಣೆಯಿಂದ ಜನ ಬಂದು ಅಲ್ಲಿ ಮಲಗಿ, ಚುಕ್ಕಿ ನೋಡಿ ಹೋಗುತ್ತಿದ್ದರು. ಡೇರೆ ಎಲ್ಲರೂ ಹಾಕುತ್ತಾರೆ. ಇವರು ಸ್ಪರ್ಧೆಗೆ ತಂದದ್ದು ಪಾಯಖಾನೆಯನ್ನು. ಮರದ ಸಣ್ಣ ಕೋಣೆ, ಒಳಗೆ ಕೂರುವ ಆಸನ, ಅದರ ಕೆಳಗೆ ಹಸಿರು ಡ್ರಮ್ಮು, ಪಕ್ಕದಲ್ಲಿ ಒಂದು ಬಕೆಟ್ ಬೂದಿ. ಕೋಣೆಯ ಬೆನ್ನಿಗೆ ಡ್ರಮ್ಮು ಎಳೆಯಲು ಸಣ್ಣ ಬಾಗಿಲು. ಮುಂದಿನ ಬೋರ್ಡಿನಲ್ಲಿ ಬರೆದಿತ್ತು: ನೀರಿಲ್ಲ. ವಾಸನೆಯಿಲ್ಲ. ಕೈ ಸೋಕುವುದಿಲ್ಲ. ಆರು ತಿಂಗಳಲ್ಲಿ ಗೊಬ್ಬರ.

ಅಂಬೂಬಾಯಿಗೆ ಓದು ಬರದು. ಆದರೆ ಡ್ರಮ್ಮು ಎಂಟು ದಿನಕ್ಕೆ ತುಂಬುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬಂದವರಲ್ಲಿ ಅರ್ಧ ಮಂದಿ ಬೂದಿ ಹಾಕುತ್ತಿರಲಿಲ್ಲ. ತುಂಬಿದ್ದನ್ನು ಎಳೆದು, ತಲೆಯ ಮೇಲೆ ಹೊತ್ತು, ಮಾಳದ ಹಿಂದಿನ ತಗ್ಗಿಗೆ ಸುರಿದು, ಅಂಟಿದ್ದನ್ನು ತಗಡಿನಿಂದ ಕೆರೆದು ತರುವವಳು ಅವಳು. ಕೊಟ್ಟಿದ್ದ ರಬ್ಬರ್ ಕೈಗವಸು ಮೊದಲ ತಿಂಗಳೇ ಹರಿದಿತ್ತು. ಸ್ಪರ್ಧೆಯ ಅರ್ಜಿಯಲ್ಲಿ 'ಮಲ ಎತ್ತುವ ಕೆಲಸಕ್ಕೆ ಯಾರನ್ನೂ ಹಚ್ಚಿಲ್ಲ' ಎಂಬ ಕಾಲಂ ಇತ್ತು. ಸ್ನೇಹಲ ಅದಕ್ಕೆ 'ಹೌದು' ಎಂದು ಗುರುತು ಹಾಕಿದ್ದಳು.

"ನೋಡು, ಇಲ್ಲಿ ಕೇಳು," ಮಕರಂದ ಹೊಸ ಬೀಗವೊಂದನ್ನು ಹಿಂದಿನ ಬಾಗಿಲಿಗೆ ಸಿಕ್ಕಿಸಿದ. "ಮುಂಜಾನಿಂದ ಬಂದೋರೆಲ್ಲ ಇದನ್ನೇ ಬಳಸ್ತಾರ. ಮೂರ್ ಗಂಟಿಗಿ ಜಡ್ಜ್ ಸಾಹೇಬ್ರು ಹಿಂದ್ ಬಂದು ಗೊಬ್ಬರ ನೋಡ್ತಾರ. ಅದಕ್ಕ ಮೊದಲ ತುಂಬಿದ್ದು ತೆಗ್ದು ಆ ಎರಡನೇ ಡ್ರಮ್ ಇಡಬೇಕು. ಚಾವಿ ಒಂದೇ ಅದ. ನಿನ್ ಹತ್ರ ಇರ್ಲಿ."

ಎರಡನೆಯ ಡ್ರಮ್ಮಿನಲ್ಲಿ ಇದ್ದದ್ದು ಕುರಿಗೊಬ್ಬರ. ಔರಾದ ಕಡೆಯ ಧೊಂಡಿಬಾನ ಹಟ್ಟಿಯಿಂದ ತಂದು, ಜರಡಿ ಹಿಡಿದು ತುಂಬಿದ್ದು. ಜರಡಿ ಹಿಡಿದವಳೂ ಅಂಬೂಬಾಯಿಯೇ. ಮೊದಲು ಅವಳು ಭಾಲ್ಕಿ ಮಾರುಕಟ್ಟೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಡೇರೆ ಗುಡಿಸುವ ಕೆಲಸವೆಂದು ಇಲ್ಲಿಗೆ ಕರೆದು, ಹದಿನೈದನೆಯ ದಿನ ಡ್ರಮ್ಮು ತೋರಿಸಿದ್ದರು.

ಸ್ಟಾಲಿನ ಮುಂದೆ ಅವಳ ಮಗಳು ಮೇಘಾ ಹೊಸ ಸೀರೆ ಉಟ್ಟು, ಬಂದವರಿಗೆ ಗುಲಾಬಿ ಕೊಡುತ್ತಿದ್ದಳು. ಪಿಯುಸಿ ಮುಗಿಸಿದ ಹುಡುಗಿ. ಔರಾದದಲ್ಲಿ ಹೊಸ ಡೇರೆಗಳು ಬಂದರೆ ಅಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ ಕೊಡುತ್ತೇವೆ ಎಂದು ಸ್ನೇಹಲ ಮಾತು ಕೊಟ್ಟಿದ್ದಳು. ಅವ್ವ ಮಾಳದಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಾಳೆ ಎಂದೇ ಮೇಘಾ ತಿಳಿದಿದ್ದಳು. ಎರಡು ತಿಂಗಳಿಂದ ಅವ್ವ ಚಮಚೆಯಲ್ಲಿ ಉಣ್ಣುವುದನ್ನು ಕಂಡು ಒಮ್ಮೆ ಕೇಳಿಯೂ ಇದ್ದಳು: "ಇದೇನವ್ವ, ದೊಡ್ಡ ಸಾಹೇಬ್ರಂಗ ಚಮಚಾ?" ಬೆರಳು ಸುಟ್ಟಿದೆ ಎಂದಿದ್ದಳು ಅಂಬೂಬಾಯಿ.

ಅಂಬೂಬಾಯಿಯ ಅತ್ತೆ ಚಂದ್ರಭಾಗಾ ಹಾಗೆಯೇ ಚಮಚೆಯಲ್ಲಿ ಉಣ್ಣುತ್ತಿದ್ದಳು. ಭಾಲ್ಕಿಯ ದೊಡ್ಡ ಮನೆಗಳ ಹಿತ್ತಲಲ್ಲಿ ಮಲದ ಮೇಲೆ ಬೂದಿ ಚೆಲ್ಲಿ, ತಗಡಿನಿಂದ ಬಳಿದು, ಬುಟ್ಟಿ ಹೊತ್ತವಳು. ಒಂದು ದಿನ ಬುಟ್ಟಿಯನ್ನು ಓಣಿಯ ನಡುವೆ ಸುಟ್ಟು ಕೆಲಸ ಬಿಟ್ಟಳು. ಆಮೇಲೆ ಇಪ್ಪತ್ತು ವರ್ಷ ಬದುಕಿದರೂ ಕೈಯಿಂದ ಒಂದು ತುತ್ತು ಉಣ್ಣಲಿಲ್ಲ. ಸ್ನೇಹಲ ಒಮ್ಮೆ ಚಹಾ ಕೊಟ್ಟು, "ಮೌಶಿ, ನಿಮ್ಮ ಮನಿ ಕಥಿ ಹೇಳ್ರಿ" ಎಂದು ಪ್ರೀತಿಯಿಂದ ಕೇಳಿದಾಗ ಅಂಬೂಬಾಯಿ ಇದಿಷ್ಟನ್ನೂ ಹೇಳಿದ್ದಳು. ಮನೆಗೆ ಬಂದ ಸ್ನೇಹಲ ಗೋಡೆಯ ಮೇಲಿನ ಅತ್ತೆಯ ಫೋಟೊವನ್ನೂ ಮೊಬೈಲಿನಲ್ಲಿ ಹೊಡೆದುಕೊಂಡಿದ್ದಳು.

ಮಧ್ಯಾಹ್ನ ಒಂಬತ್ತನೆಯ ಸ್ಟಾಲಿನವರನ್ನು ವೇದಿಕೆಗೆ ಕರೆದರು. ಮೇಘಾ ಸ್ಟಾಲಿನಲ್ಲಿಯೇ ಉಳಿದಳು. ಅಂಬೂಬಾಯಿಯನ್ನು ಇಳಕಲ್ ಸೀರೆಯಲ್ಲಿ ಸ್ನೇಹಲಳ ಪಕ್ಕ ನಿಲ್ಲಿಸಿದರು.

"ಬೂದಿ ಬಳಸುವುದು ನಮ್ಮ ಹಿರಿಯರ ಜ್ಞಾನ," ಸ್ನೇಹಲ ಮೈಕಿನಲ್ಲಿ ಹೇಳಿದಳು. "ಮೂರು ತಲೆಮಾರಿನ ಈ ಕೌಶಲವನ್ನು ನಾವು ಉಳಿಸುತ್ತಿದ್ದೇವೆ."

ಪರದೆಯ ಮೇಲೆ ಮೂರು ಫೋಟೊ ಬಂದವು. ಮೊದಲು ಚಂದ್ರಭಾಗಾ, ಗೋಡೆಯ ಫೋಟೊದ್ದೇ ಮುಖ. ನಡುವೆ ಅಂಬೂಬಾಯಿ. ಕೊನೆಗೆ ಮೇಘಾ. ಮೂವರ ಕೆಳಗೂ ಒಂದೊಂದು ಹಸಿರು ಡ್ರಮ್ಮಿನ ಚಿತ್ರ. ಅದನ್ನು ತಿಳಿಯಲು ಅಕ್ಷರ ಬೇಕಿರಲಿಲ್ಲ.

ಸಭೆ ಚಪ್ಪಾಳೆ ತಟ್ಟಿತು. ಅಂಬೂಬಾಯಿ ಮೇಘಾಳ ಫೋಟೊದ ಕೆಳಗಿನ ಡ್ರಮ್ಮನ್ನೇ ನೋಡಿದಳು.

ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ ನಗುತ್ತ ಕೇಳಿದ: "ಅಮ್ಮ, ಎಷ್ಟು ದಿನಕ್ಕೊಂದ್ಸಲ ಡ್ರಮ್ ತೆಗೀತೀರಾ?"

"ಎಂಟ್ ದಿನಕ್ಕ್ರಿ. ತಲಿ ಮ್ಯಾಲ ಹೊತ್ತು ಒಯ್ತೇನ್ರಿ."

ಸ್ನೇಹಲ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅದು ನಿರ್ವಹಣೆ ಸರ್," ಎಂದಳು ಸ್ನೇಹಲ.

"ಓಹೋ, ನಿರ್ವಹಣೆ." ಆತ ಹಾಳೆಯ ಮೇಲೆ ಬರೆದುಕೊಂಡ. "ಸ್ಥಳೀಯರಿಗೆ ಉದ್ಯೋಗ. ಗುಡ್."

ಕೆಳಗಿಳಿಯುವಾಗ ಆತ ಮಕರಂದನ ಕೈ ಕುಲುಕಿದ, ಸ್ನೇಹಲಳ ಕೈ ಕುಲುಕಿದ. ಅಂಬೂಬಾಯಿಯೂ ಕೈ ಚಾಚಿದಳು. ಆತ ಎರಡು ಹೆಜ್ಜೆ ಹಿಂದೆ ಸರಿದು, ಬಹಳ ಗೌರವದಿಂದ, ದೂರದಿಂದಲೇ ನಮಸ್ಕಾರ ಮಾಡಿದ.

ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಸ್ನೇಹಲ ಸ್ಟಾಲಿನ ಹಿಂದಕ್ಕೆ ಓಡಿ ಬಂದಳು. "ಮೌಶಿ, ಡ್ರಮ್ ಬದಲ್ ಮಾಡಿದ್ರಿ? ಜಲ್ದಿ ಮಾಡ್ರಿ!"

"ಮೇಘಾನ ಫೋಟೊ ಯಾಕ ಹಾಕೀರಿ ತಾಯಿ?"

"ಔರಾದಕ್ಕ ಆಕಿನೇ ಅಲ್ಲ? ಮೊದಲ ಒಂದ್ ವರ್ಷ ಡ್ರಮ್ ನೋಡ್ಲಿ, ಆಮ್ಯಾಲ ಸ್ವಾಗತಕ್ಕ ಹಾಕೋಣ."

"ಆಕಿ ಓದಿದ್ ಹುಡುಗಿ ಅದಾಳ್ರಿ. ಬ್ಯಾರೆದೋರಿಗಿ ಹಚ್ಚರಿ."

"ಹಚ್ಚಿದ್ದೆವ್ರಿ, ನಿಮಗ ಗೊತ್ತಿಲ್ಲ. ಇಬ್ಬರಿಗಿ ಹಚ್ಚಿದ್ದೆವು, ಒಂದೇ ದಿನಕ್ಕ ವಾಂತಿ ಮಾಡ್ಕೊಂಡು ಓಡಿದ್ರು." ಸ್ನೇಹಲ ಅವಳ ಹೆಗಲು ಮುಟ್ಟಲು ಹೋಗಿ, ಅವಳು ಮತ್ತೆ ಉಟ್ಟಿದ್ದ ಕೆಲಸದ ಸೀರೆ ನೋಡಿ, ಕೈ ಹಿಂದೆಗೆದಳು. "ನಿಮಗ ಹಂಗಾಗಂಗಿಲ್ಲ ಮೌಶಿ. ನಿಮ್ ರಕ್ತದಾಗೇ ಅದ ಅದು."

ಸ್ನೇಹಲ ತೀರ್ಪುಗಾರರನ್ನು ಕರೆಯಲು ಹೋದಳು.

ಅಂಬೂಬಾಯಿ ಹಿಂದಿನ ಬಾಗಿಲು ತೆರೆದು ನೋಡಿದಳು. ಬೆಳಗಿನಿಂದ ಬಂದ ಅತಿಥಿಗಳದು ಡ್ರಮ್ಮಿನ ಕುತ್ತಿಗೆಯವರೆಗೆ ಬಂದಿತ್ತು. ಪಕ್ಕದ ಕುರಿಗೊಬ್ಬರದ ಡ್ರಮ್ಮನ್ನು ಅವಳು ಮುಟ್ಟಲಿಲ್ಲ. ಬಾಗಿಲು ಹಾಕಿ ಬೀಗ ಜಡಿದು ಎಳೆದು ನೋಡಿದಳು. ಕೋಣೆಯ ಮುಂಭಾಗಕ್ಕೆ ಬಂದು, ಒಳಗೆ ಹೋಗಿ, ಆಸನದ ತೂತಿನ ಮೇಲೆ ಚಾವಿ ಹಿಡಿದು ಬಿಟ್ಟಳು. ಸದ್ದು ಮೆತ್ತಗೆ ಬಂತು. ಸ್ನೇಹಲ ಬಂದವರಿಗೆಲ್ಲ ಹೇಳುತ್ತಿದ್ದಂತೆ ಒಂದು ಮಗ್ಗು ಬೂದಿ ಹಾಕಿದಳು. ಸಾಲದೆನಿಸಿ ಇನ್ನೊಂದು ಹಾಕಿದಳು.

ಅವಳು ಹಿಂದಿನ ಬಾಗಿಲಿಗೆ ಮರಳುವಷ್ಟರಲ್ಲಿ ತೀರ್ಪುಗಾರರು ಮೂವರು ಅಲ್ಲಿಗೆ ಬಂದರು. ಅವರ ಹಿಂದೆ ಕ್ಯಾಮೆರಾದವರು, ಗುಲಾಬಿಯ ತಟ್ಟೆ ಹಿಡಿದ ಮೇಘಾ.

"ಅಂಬೂ, ಚಾವಿ," ಎಂದ ಮಕರಂದ.

"ಒಳಗ ಅದ್ರಿ."

"ಒಳಗಂದ್ರ ಎಲ್ಲಿ?"

"ಡ್ರಮ್ಮಿನಾಗ್ರಿ. ಮ್ಯಾಲಿಂದ ಕೈ ಹಾಕಿದ್ರ ಸಿಗ್ತದ. ಮೊಣಕೈ ತನಕ ಹಾಕಬೇಕಾಗ್ತದ."

"ಏ ಹಲ್ಕಟ್ ರಂಡಿ, ಹೋಗ್, ನೀನೇ ತೆಗಿ!"

ಮೇಘಾ ತಟ್ಟೆ ಹಿಡಿದಲ್ಲಿಯೇ ನಿಂತಳು. ಅವ್ವನ ಮುಖ ನೋಡಿದಳು, ಆಮೇಲೆ ಅವ್ವನ ಬೆರಳು ನೋಡಿದಳು. ಸುಟ್ಟ ಗಾಯ ಎಲ್ಲಿಯೂ ಇರಲಿಲ್ಲ.

"ಅವ್ವ, ಅಡಗಿ ಕೆಲಸ ಅಂದಿದ್ದಿ."

"ಸುಳ್ಳ್ ಹೇಳಿದ್ದೆ," ಎಂದಳು ಅಂಬೂಬಾಯಿ. "ನಿನಗ ಇವ್ರು ಸುಳ್ಳ್ ಹೇಳ್ಯಾರ. ಔರಾದದಾಗ ನಿನಗೂ ಇದೇ ಕೆಲಸ ಇಟ್ಟಾರ."

ಸೊಂಟದಲ್ಲಿದ್ದ ಹರಿದ ಕೈಗವಸನ್ನು ತೆಗೆದು ಅವಳು ಬೀಗದ ಕೊಂಡಿಗೆ ಸಿಕ್ಕಿಸಿ ಮಕರಂದನ ಕಡೆ ತಿರುಗಿದಳು. "ಇದರಾಗ ಮೂರ್ ಬೆರಳಿಗಿ ತೂತ್ ಅವ ಸರ್. ಸಂಭಾಳಿಸಿ ಹಾಕೋರಿ."

ಕ್ಯಾಮೆರಾ ಇನ್ನೂ ನಡೆದಿತ್ತು. ಬಿಸಿಲಿಗೆ ಮರದ ಸಂದಿಯಿಂದ ವಾಸನೆ ಹೊರಬರತೊಡಗಿತು. ಬೆಂಗಳೂರಿನ ತೀರ್ಪುಗಾರ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಮಕರಂದ ಸ್ನೇಹಲಳ ಕೈ ನೋಡಿದ. ಸ್ನೇಹಲ ಮಕರಂದನ ಕೈ ನೋಡಿದಳು. ಇಬ್ಬರೂ ತಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.